ಸಾವಿಲ್ಲದವರು ಇಲ್ಲೇ ನೆರೆಯಲ್ಲಿದ್ದಾರೆ!

ತಿಂದರೆ ಸಾವೇ ಬರದ ಹಣ್ಣೊಂದಿದೆಯಂತೆ! ಅದು ಕುನ್‌ಲುನ್ ಪರ್ವತದ ಪೀಚ್, ಮಾಗುವುದು 3,000 ವರ್ಷಕ್ಕೊಮ್ಮೆ. ಆ ತೋಟದ ಒಡತಿ ಶೀ ವಾಂಗ್‌ಮು, ಟಾವೊ ಪಂಥದವರು ಅಮರತ್ವಕ್ಕಾಗಿ ಮೊರೆಹೋಗುವ ಪಡುವಣ ತಾಯಿ. ಹಾನ್ ಚಕ್ರವರ್ತಿ ವೂ ಆಕೆ ಕೊಟ್ಟ ಹಣ್ಣು ತಿಂದು, ಬಿತ್ತೋಣವೆಂದು ಬೀಜ ಎತ್ತಿಟ್ಟುಕೊಂಡನಂತೆ. ನಿನ್ನ ಮಣ್ಣಿಗೆ ಇದು ಒಗ್ಗದು ಎಂದು ಆಕೆ ನಕ್ಕುಬಿಟ್ಟಳು ಎನ್ನುತ್ತದೆ ಕಥೆ.

ಇದು ಕಥೆಯಾದರೆ, ಇತಿಹಾಸ ಇನ್ನೂ ಬೆರಗಿನದು. ಕ್ರಿ.ಪೂ. 3ರ ಬರಗಾಲದಲ್ಲಿ ಸಾವಿರಾರು ಜನ ಈ ತಾಯಿಯ ಹೆಸರಿನ ಹುಲ್ಲುಕಡ್ಡಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ತಲೆ ಕೆದರಿಕೊಂಡು, ಬರಿಗಾಲಲ್ಲಿ ರಾಜಧಾನಿ ಚಾಂಗಾನ್‌ವರೆಗೂ ಓಡಿದರು. ಆಕೆಯ ಚೀಟಿ ಧರಿಸಿದವರಿಗೆ ಸಾವಿಲ್ಲ ಎಂಬ ನಂಬಿಕೆ!

ನಮಗೆ ಅಷ್ಟು ದೂರದ ಓಟ ಬೇಕಿಲ್ಲ. ಕೊಚ್ಚಿಯ ಏಲೂರಿಗೆ ಬಂದರೆ ಸಾಕು. ಇಲ್ಲಿಂದ ತುಸು ದೂರದಲ್ಲೇ ತೃಕ್ಕಾಕ್ಕರ. ನಮ್ಮ ಸಪ್ತ ಚಿರಂಜೀವಿಗಳಲ್ಲಿ ಒಬ್ಬನಾದ ಮಹಾಬಲಿಯ ಊರೆಂದು ಕೇರಳ ನಂಬಿರುವುದು ಇದನ್ನೇ!

ಅಲ್ಲಿನ ಗುಡಿ ಮಾತ್ರ ಬಲಿಯನ್ನು ತುಳಿದ ವಾಮನನದು, ಓಣಂ ತುಳಿಸಿಕೊಂಡವನದು. ಅತ್ತಂನಿಂದ ತಿರುವೋಣಂವರೆಗೆ ಹತ್ತು ದಿನ ಸಂಭ್ರಮ. ಮನೆಯಂಗಳದ ಹೂವಿನ ರಂಗೋಲಿಯ ನಡುವೆ ಜೇಡಿಮಣ್ಣಿನ ಪುಟ್ಟ ಗೋಪುರವೊಂದನ್ನು ಕೂರಿಸುತ್ತಾರೆ. ನಾಲ್ಕು ಮಗ್ಗುಲು, ಮೈಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ನೆತ್ತಿಗೆ ತುಂಬೆ ಹೂ. ಅವನ ಹೆಸರು ತೃಕ್ಕಾಕ್ಕರಪ್ಪನ್. ಅವನು ವಾಮನನೋ ಬಲಿಯೋ? ಮನೆಮನೆಗೊಂದು ಉತ್ತರ!

ಇನ್ನೊಬ್ಬ ಚಿರಂಜೀವಿಯನ್ನು ಕಾಣಲು ತಿರುವನಂತಪುರಕ್ಕೆ ಇಳಿಯಬೇಕು. ಕರಮನ ನದಿಯ ದಡದ ತಿರುವಲ್ಲಂನಲ್ಲಿ ಪರಶುರಾಮನಿಗೇ ಒಂದು ಗುಡಿಯಿದೆ. ಅಪರೂಪವೆಂದರೆ ಅಪರೂಪ! ಕರ್ಕಾಟಕ ಅಮಾವಾಸ್ಯೆಯಂದು ಅಲ್ಲಿ ಸಾವಿರಾರು ಜನ ಸೇರುತ್ತಾರೆ. ಬೆರಳಿಗೆ ದರ್ಭೆ, ಬಾಳೆಲೆಯ ಮೇಲೆ ಎಳ್ಳು ಬೆರೆತ ಅನ್ನದ ಪಿಂಡ. ಒದ್ದೆ ಕೈ ತಟ್ಟಿ ಕಾಗೆಗಳನ್ನು ಕರೆಯುತ್ತಾರೆ. ಸತ್ತವರಿಗೆ ಅನ್ನವಿಡಲು ಸಾವೇ ಇಲ್ಲದವನ ಅಂಗಳ!

ಮತ್ತೂ ಸೋಜಿಗ ಕೇಳಿ. ಓಣಂನಲ್ಲಿ ಕೇರಳಕ್ಕೆ ಬಂದುಹೋದ ಅದೇ ಬಲಿ, ದೀಪಾವಳಿಗೆ ಗಡಿ ದಾಟಿ ನಮ್ಮಲ್ಲಿಗೂ ಬರುತ್ತಾನೆ. ಕರ್ನಾಟಕದಲ್ಲೆಲ್ಲ ಬಲಿಪಾಡ್ಯಮಿ. ತುಳುನಾಡಿನಲ್ಲಂತೂ ಗದ್ದೆಗೆ ದೀಪವಿಟ್ಟು, ಬಲೀಂದ್ರನನ್ನು ಹೆಸರು ಹಿಡಿದು ಕೂಗಿ ಕರೆಯುತ್ತಾರೆ.

ಪಡುವಣ ತಾಯಿಯ ಬಳಿಗೆ ಮನುಷ್ಯರೇ ಓಡಬೇಕು. ನಮ್ಮ ಅಮರನೋ, ತಾನೇ ಮನೆಬಾಗಿಲಿಗೆ ಬರುತ್ತಾನೆ! ಹಾಗೆಂದು ಅವನ ಅಮರತ್ವ ಬಿಟ್ಟಿ ಸುಖವಲ್ಲ, ಮುಂದೆ ಹೊರಬೇಕಾದ ಹೊಣೆ. ಪುರಾಣಗಳ ಪ್ರಕಾರ ಮುಂದಿನ ಮನ್ವಂತರದ ಇಂದ್ರ ಬಲಿಯೇ; ಆಗಿನ ಸಪ್ತರ್ಷಿಗಳಲ್ಲಿ ಪರಶುರಾಮನೂ ಒಬ್ಬ. ಒಂದು ಮನ್ವಂತರವೆಂದರೆ 30,67,20,000 ವರ್ಷ. ಈಗಿನದರಲ್ಲಿ ನಡೆದಿರುವುದು 28ನೇ ಚತುರ್ಯುಗ. ಮುಗಿಯಲು 71 ಆಗಬೇಕು. ಅಂದರೆ ಬಲಿಗೆ ಪಟ್ಟ ಸಿಗಲು ಇನ್ನೂ 18 ಕೋಟಿ ವರ್ಷಕ್ಕೂ ಹೆಚ್ಚು ಬಾಕಿ! ಅದರೆದುರು 3,000 ವರ್ಷದ ಪೀಚ್ ಯಾವ ಲೆಕ್ಕ? ಇಷ್ಟು ದೀರ್ಘ ಕಾಯುವಿಕೆಗೆ ಅವನು ಕೇಳಿದ್ದಾದರೂ ಏನು? ವರ್ಷಕ್ಕೊಮ್ಮೆ ಊರಿಗೆ ಹೋಗಿಬರಲು ರಜೆ. ಕೇರಳದವರು ಒಂದು ಕೊಟ್ಟರು, ನಾವು ಇನ್ನೊಂದು ಸೇರಿಸಿದೆವು!