72ನೇ ಧಾತು ಯಾವ ಮನೆಗೆ ಸೇರಬೇಕು? ಉತ್ತರ ಹೇಳಿದ್ದು ಎಲೆಕ್ಟ್ರಾನ್ ಲೆಕ್ಕ!

ಆವರ್ತಕ ಕೋಷ್ಟಕವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಬಹಳ ಮಂದಿ. ಆದರೆ ಯಾವ ಧಾತು ಯಾವ ಮನೆಗೆ ಸೇರಬೇಕು ಎಂಬುದು ಹೇಗೆ ತೀರ್ಮಾನವಾಗುತ್ತದೆ? ಉತ್ತರ ಇರುವುದು ಎಲೆಕ್ಟ್ರಾನ್ ವಿನ್ಯಾಸದಲ್ಲಿ. ಅಂದರೆ ಪರಮಾಣುವಿನ ಕವಚಗಳಲ್ಲಿ ಎಲೆಕ್ಟ್ರಾನ್‌ಗಳು ಹಂಚಿಕೆಯಾಗಿರುವ ರೀತಿಯಲ್ಲಿ.

ಸೋಡಿಯಂ ಅನ್ನೇ ನೋಡಿ. ಅದರ 11 ಎಲೆಕ್ಟ್ರಾನ್‌ಗಳು 2, 8, 1 ಎಂದು ಹಂಚಿಕೆಯಾಗಿವೆ. ಕವಚಗಳು ಮೂರು, ಹಾಗಾಗಿ ಮೂರನೇ ಅಡ್ಡಸಾಲು. ಕೊನೆಯ ಕವಚದಲ್ಲಿ ಒಂದೇ ಎಲೆಕ್ಟ್ರಾನ್, ಹಾಗಾಗಿ ಮೊದಲ ಕಂಬಸಾಲು. ಅದೇ ಕಂಬಸಾಲಿನ ಲಿಥಿಯಂ, ಪೊಟ್ಯಾಸಿಯಂಗೂ ಹೊರಗೆ ಇರುವುದು ಒಂದೇ. ರಾಸಾಯನಿಕ ಕ್ರಿಯೆಯಲ್ಲಿ ಮುಖ್ಯವಾಗಿ ಭಾಗವಹಿಸುವುದು ಹೊರಗಿನ ಎಲೆಕ್ಟ್ರಾನ್‌ಗಳು. ಆದ್ದರಿಂದಲೇ ಈ ಮೂರರ ಗುಣವೂ ಒಂದೇ ಬಗೆಯದು.

ಬೋರ್ ಲೆಕ್ಕಾಚಾರ

ಈ ಲೆಕ್ಕಕ್ಕೆ ದೊಡ್ಡ ಪರೀಕ್ಷೆ ಎದುರಾಗಿದ್ದು 1922ರಲ್ಲಿ. ಆಗ 72ನೇ ಮನೆಯ ಬಗ್ಗೆ ವಿವಾದವಿತ್ತು. ಫ್ರಾನ್ಸ್‌ನ ಜಾರ್ಜಸ್ ಉರ್ಬೇನ್ ಆ ಧಾತುವನ್ನು ವಿರಳ ಭೂಲೋಹಗಳ ನಡುವೆ ಕಂಡಿದ್ದಾಗಿ ಹೇಳಿ, 'ಸೆಲ್ಟಿಯಂ' ಎಂದು ಹೆಸರನ್ನೂ ಇಟ್ಟಿದ್ದರು.

ಡೆನ್ಮಾರ್ಕ್‌ನ ನೀಲ್ಸ್ ಬೋರ್ ಲೆಕ್ಕ ಬೇರೆಯೇ ಹೇಳುತ್ತಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ವಿರಳ ಭೂಲೋಹಗಳ ಸಾಲಿನಲ್ಲಿ ಒಳಗಿನ 4ಎಫ್ ಉಪಕವಚ ತುಂಬುತ್ತಾ ಹೋಗುತ್ತದೆ. ಅಲ್ಲಿ ಜಾಗ ಇರುವುದು 14 ಎಲೆಕ್ಟ್ರಾನ್‌ಗಳಿಗೆ ಮಾತ್ರ. 71ನೇ ಧಾತು ಲುಟೇಷಿಯಂ ಹೊತ್ತಿಗೆ ಅದು ಭರ್ತಿಯಾಗಿರುತ್ತದೆ. ಹಾಗಾಗಿ 72ನೆಯದಕ್ಕೆ 5ಡಿಯಲ್ಲಿ 2, 6ಎಸ್‌ನಲ್ಲಿ 2, ಒಟ್ಟು 4 ಹೊರ ಎಲೆಕ್ಟ್ರಾನ್‌ಗಳು. ಜಿರ್ಕೋನಿಯಂಗೂ ಹೊರಗೆ ಅಷ್ಟೇ. ಅಂದರೆ 72ನೆಯದು ಜಿರ್ಕೋನಿಯಂನ ಕೆಳಗಿನ ಮನೆಗೆ ಸೇರಬೇಕು.

ಕೋಪನ್‌ಹೇಗನ್‌ನಲ್ಲಿ ಡಿರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಶಿ ಜಿರ್ಕೋನಿಯಂ ಅದಿರನ್ನೇ ಎಕ್ಸ್-ರೇ ಪರೀಕ್ಷೆಗೆ ಒಡ್ಡಿದರು. ಧಾತು ಸಿಕ್ಕೇಬಿಟ್ಟಿತು! 1922ರ ಡಿಸೆಂಬರ್‌ನಲ್ಲಿ ಬೋರ್ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಈ ಸುದ್ದಿ ಪ್ರಕಟಿಸಿದರು. ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರು ಹಾಫ್ನಿಯಾ. ಅದರಿಂದಲೇ ಧಾತುವಿಗೆ ಹಾಫ್ನಿಯಂ ಎಂಬ ಹೆಸರು ಬಂತು.

ಹೋಲಿಕೆಯೇ ತಲೆನೋವು

ಹೊರ ಎಲೆಕ್ಟ್ರಾನ್‌ಗಳು ಒಂದೇ ಬಗೆಯಾದ್ದರಿಂದ, ಗಾತ್ರವೂ ಹೆಚ್ಚುಕಡಿಮೆ ಸಮನಾದ್ದರಿಂದ ಈ ಎರಡು ಲೋಹಗಳನ್ನು ಬೇರ್ಪಡಿಸುವುದು ಬಲು ಕಷ್ಟ. ಆದರೆ ಅಣು ರಿಯಾಕ್ಟರ್‌ಗೆ ಇದು ಅನಿವಾರ್ಯ. ಜಿರ್ಕೋನಿಯಂ ನ್ಯೂಟ್ರಾನ್‌ಗಳನ್ನು ಬಹುತೇಕ ಹಾಗೇ ಬಿಡುತ್ತದೆ, ಹಾಫ್ನಿಯಂ ಅದರ ನೂರಾರು ಪಟ್ಟು ಹೀರಿಕೊಳ್ಳುತ್ತದೆ. ಹೀಗಾಗಿ ಇಂಧನದ ಕೊಳವೆಗೆ ಬಳಸುವ ಜಿರ್ಕೋನಿಯಂನಿಂದ ಹಾಫ್ನಿಯಂ ತೆಗೆಯಲೇಬೇಕು. ಕೈಗಾ ಸೇರಿದಂತೆ ದೇಶದ ಭಾರಜಲ ರಿಯಾಕ್ಟರ್‌ಗಳಿಗೆ ಇಂಧನ ಸಿದ್ಧಪಡಿಸುವ ಹೈದರಾಬಾದ್‌ನ ಪರಮಾಣು ಇಂಧನ ಸಂಕೀರ್ಣದಲ್ಲಿ ಈ ಕೆಲಸ ನಡೆಯುತ್ತದೆ.