ನಿಮಗಿದು ಗೊತ್ತೆ? ಬಾಣಂತಿಯ ಜೀವ ಉಳಿಸುವ ಅಳತೆ ಚೀಲ

ಹೆರಿಗೆಯಾದ ಮೇಲೆ 500 ಮಿಲಿಲೀಟರ್‌ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯದ ಸೂಚನೆ. ಆದರೆ ಬಟ್ಟೆ, ಹಾಸಿಗೆಯಲ್ಲಿ ಇಂಗಿದ ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಅನುಭವಿಗಳೂ ಕಡಿಮೆಯೇ ಹೇಳುತ್ತಾರೆ. ಈ ತಪ್ಪು ಲೆಕ್ಕಕ್ಕೆ ಎಷ್ಟೋ ತಾಯಂದಿರು ಬಲಿಯಾಗಿದ್ದಾರೆ.

ಇದಕ್ಕೊಂದು ಪರಿಹಾರ ಸಿದ್ಧವಾದ ನೆಲ ನಮ್ಮ ಬೆಳಗಾವಿ! ಜೆ.ಎನ್. ಮೆಡಿಕಲ್ ಕಾಲೇಜಿನ ತಜ್ಞರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಅದರ ತುದಿಯಲ್ಲಿ ಆಲಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಯಾವ ಗೆರೆ ಮುಟ್ಟಿತೆಂದು ನೋಡಿದರೆ ಸಾಕು.

ಇದೇ ಚೀಲ ಬಳಸಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರ ಮೇಲೆ ಅಧ್ಯಯನ ನಡೆಯಿತು. ಮನೆ ಮತ್ತು ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ಸಿಸ್ಟರ್‌ಗಳೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಅತಿಯಾದ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಈ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. ಕರೆಂಟಿಲ್ಲದ ಊರಿಗೆ ಇದಕ್ಕಿಂತ ದೊಡ್ಡ ವರ ಯಾವುದು? 2006ರಲ್ಲಿ ‘ಲ್ಯಾನ್ಸೆಟ್‌’ ಪತ್ರಿಕೆ ಈ ಅಧ್ಯಯನವನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅಳತೆ ಚೀಲದ ಮಹತ್ವ 2023ರಲ್ಲಿ ಮತ್ತೆ ಸಾಬೀತಾಯಿತು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ಆಸ್ಪತ್ರೆಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಲಾಯಿತು. ಚೀಲದಿಂದ ಅಳೆದು, ಗರ್ಭಕೋಶ ನೀವುವುದು, ಔಷಧ, ಡ್ರಿಪ್, ತಪಾಸಣೆ ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದ ಕಡೆ ತೀವ್ರ ರಕ್ತಸ್ರಾವ, ಅದರಿಂದಾಗುವ ಹೊಟ್ಟೆಯ ಶಸ್ತ್ರಚಿಕಿತ್ಸೆ ಮತ್ತು ಸಾವು ಒಟ್ಟಾರೆ ಶೇ 60ರಷ್ಟು ತಗ್ಗಿದವು.