ಅರ್ಧ ದಾರಿಯಲ್ಲಿ ನಿಂತ ಸೇನೆ

ಕ್ರಿ.ಪೂ. 48ರ ಆಗಸ್ಟ್. ಗ್ರೀಸಿನ ಥೆಸ್ಸಲಿ ಸೀಮೆಯ ಫಾರ್ಸಲಸ್ ಬಯಲು. ಜೂಲಿಯಸ್ ಸೀಸರನ ಕಾಲಾಳುಗಳು ಭರ್ಜಿ ಎತ್ತಿಕೊಂಡು ಓಡಿಬರುತ್ತಿದ್ದಾರೆ. ಎದುರಿಗೆ ರೋಮಿನ ಅಂತರ್ಯುದ್ಧದಲ್ಲಿ ಸೀಸರನ ಎದುರಾಳಿಯಾದ ಪಾಂಪೆಯ ಪಡೆ, ಅವರ ಎರಡು ಪಟ್ಟು ದೊಡ್ಡದು. ಅದು ಕದಲುತ್ತಿಲ್ಲ! ರೂಢಿಯಂತೆ ಅವರೂ ನುಗ್ಗಿಬಂದು ನಡುಬಯಲಲ್ಲಿ ಎದುರಾಗಬೇಕಿತ್ತು. ಆದರೆ ಪಾಂಪೆಯ ಲೆಕ್ಕವೇ ಬೇರೆ: ಇಡೀ ದೂರವನ್ನು ಶತ್ರುವೇ ಓಡಲಿ, ಏದುಸಿರು ಬಿಡುತ್ತ ಬಂದು ನಮ್ಮ ಗುರಾಣಿಗಳ ಮೇಲೆ ಬೀಳಲಿ.

ಮುಂದೆ ನಡೆದದ್ದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಸೀಸರನ ಸೈನಿಕರು ಅರ್ಧ ದಾರಿಯಲ್ಲಿ ತಾವಾಗಿಯೇ ನಿಂತುಬಿಟ್ಟರು! ಯಾರ ಆಜ್ಞೆಯೂ ಇರಲಿಲ್ಲ. ಹಿಂದಿನ ಯುದ್ಧಗಳಲ್ಲಿ ಪಳಗಿದ ಕಾಲುಗಳಿಗೇ ಗೊತ್ತಿತ್ತು. ತುಸು ಸುಧಾರಿಸಿಕೊಂಡು, ಮತ್ತೆ ಓಡಿ, ಭರ್ಜಿ ಎಸೆದು, ಕತ್ತಿ ಹಿರಿದರು. ಇದನ್ನು ಸೀಸರನೇ ಬರೆದಿಟ್ಟಿದ್ದಾನೆ.

ಈ ನಿಲುಗಡೆಯನ್ನು ನಾನು ಆಗಲೇ ಕಂಪ್ಯೂಟರ್ ಪರದೆಯ ಮೇಲೆ ನೋಡಿದ್ದೆ! 2004ರಲ್ಲಿ ಬಂದ 'ರೋಮ್: ಟೋಟಲ್ ವಾರ್' ಆಟದಲ್ಲಿ ಪ್ರತಿ ತುಕಡಿಗೂ ದಣಿವಿನ ಮೆಟ್ಟಿಲುಗಳಿವೆ. ಚೈತನ್ಯದಿಂದ ಶುರುವಾಗಿ, ಮೈ ಬಿಸಿಯೇರಿ, ಉಸಿರು ಕಟ್ಟಿ, ಸುಸ್ತಾಗಿ, ಕೊನೆಗೆ ಪೂರ್ತಿ ಬಸವಳಿಯುವ ತನಕ. ನೆಲದ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ನಡಿಗೆ, ಎರಡು ಸಲ ಒತ್ತಿದರೆ ಓಟ. ಆ ಎರಡನೇ ಕ್ಲಿಕ್ಕಿಗೆ ಎಂಥ ಬೆಲೆ! ದಣಿದ ತುಕಡಿ ಹೊಡೆತದಲ್ಲಿ ಸೊರಗುತ್ತದೆ, ಧೈರ್ಯದಲ್ಲೂ ಕುಗ್ಗುತ್ತದೆ. ಸುಮ್ಮನೆ ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತದೆ. ಆಟದ ಸೇನಾ ವಿವರದ ಕಡತ ತೆರೆದರೆ ಇನ್ನೊಂದು ಬೆರಗು ಕಾದಿದೆ: ಬಿಸಿಲ ನಾಡಿನಲ್ಲಿ ಯಾವ ತುಕಡಿಗೆ ಎಷ್ಟು ಹೆಚ್ಚು ಆಯಾಸ ಎಂಬುದಕ್ಕೇ ಪ್ರತ್ಯೇಕ ಅಂಕಿ! ಮೈ ಕಾಯುವ ಉಕ್ಕಿನ ಕವಚ ಮರುಭೂಮಿಯಲ್ಲಿ ತೊಟ್ಟವನನ್ನೇ ಹಿಂಡುತ್ತದೆ.

ದಣಿವೇ ಇಲ್ಲದ ಆಟದಲ್ಲಿ ಏನಾಗುತ್ತದೆ? 1999ರ 'ಏಜ್ ಆಫ್ ಎಂಪೈರ್ಸ್ 2' ನೋಡಿ. ಅದರ ಹಳೆಯ ಆವೃತ್ತಿಯಲ್ಲಿ ಬಿಲ್ಲುಗಾರ ಸೆಕೆಂಡಿಗೆ 0.96 ಚೌಕ ಸಾಗುತ್ತಾನೆ, ಕತ್ತಿಯವನು 0.9. ಈ ಕೂದಲೆಳೆಯ ಅಂತರ ಸಾಕು, ಜಾಣ ಆಟಗಾರ ಓಡುತ್ತ, ತಿರುಗಿ ಬಾಣ ಬಿಡುತ್ತ, ಮತ್ತೆ ಓಡುತ್ತ ಕತ್ತಿಯವನನ್ನು ಮುಗಿಸುತ್ತಾನೆ. ಕಾಲಾಳಿನ ವೇಗವನ್ನು ಶೇ. 10 ಹೆಚ್ಚಿಸುವ 'ಸ್ಕ್ವೈರ್ಸ್' ಸುಧಾರಣೆ ಕೊಂಡರೆ ಅದೇ ಕತ್ತಿಯವನು 0.99ಕ್ಕೆ ಏರುತ್ತಾನೆ, ಬೇಟೆಯೇ ತಿರುವುಮುರುವು! ಸೊಗಸಾದ ಲೆಕ್ಕ, ನಿಜ. ಆದರೂ ನನ್ನ ಮನಸ್ಸು ಬೆವರುವ ಸೈನಿಕರ ಕಡೆಗೇ ಎಳೆಯುತ್ತದೆ.

ಏಕೆಂದರೆ ಬೆವರನ್ನೇ, ಅಲ್ಲ, ಚಳಿಯನ್ನೇ ಆಯುಧ ಮಾಡಿಕೊಂಡವನು ಕಾರ್ಥೇಜಿನ ಸೇನಾನಿ ಹನಿಬಾಲ್. ಕ್ರಿ.ಪೂ. 218ರ ಡಿಸೆಂಬರ್, ಇಟಲಿಯ ಟ್ರೆಬಿಯಾ ನದಿ. ಬೆಳಗಿನ ಜಾವ ನುಮಿಡಿಯಾದ ಸವಾರರನ್ನು ಕಳಿಸಿ ರೋಮನ್ನರನ್ನು ಕೆಣಕಿದ. ಅವರು ಖಾಲಿ ಹೊಟ್ಟೆಯಲ್ಲೇ ಹೊರಟು, ಎದೆಮಟ್ಟದ ಕೊರೆಯುವ ನೀರು ದಾಟಿ ಬಂದರು. ಇತ್ತ ಹನಿಬಾಲನ ಪಡೆ ಹೊಟ್ಟೆ ತುಂಬ ಉಂಡು, ಬೆಂಕಿಯ ಬಳಿ ಮೈಗೆ ಎಣ್ಣೆ ತಿಕ್ಕಿಕೊಂಡು ಸಜ್ಜಾಗಿತ್ತು. ಮೊದಲ ಏಟು ಬೀಳುವ ಮುಂಚೆಯೇ ಒಂದು ಸೇನೆ ಬಸವಳಿದಿತ್ತು!

ಫಾರ್ಸಲಸ್ಸಿನ ಕತೆ ಇನ್ನೂ ಉಳಿದಿದೆ. ಸೀಸರ್ ತನ್ನ ಮೂರನೇ ಸಾಲನ್ನು ಅಷ್ಟು ಹೊತ್ತೂ ನಿಂತಲ್ಲೇ ನಿಲ್ಲಿಸಿದ್ದ. ಅತ್ತ ಬಚ್ಚಿಟ್ಟಿದ್ದ ಆರು ಕೊಹಾರ್ಟ್‌ಗಳು (ರೋಮನ್ ಕಾಲಾಳು ತುಕಡಿಗಳು) ಪಾಂಪೆಯ ಕುದುರೆ ಸವಾರರನ್ನು ಚದುರಿಸಿ ಅವನ ಎಡಪಕ್ಕೆಗೆ ನುಗ್ಗಿದವು. ಅದೇ ಗಳಿಗೆಯಲ್ಲಿ, ಒಂದು ತೊಟ್ಟು ಬೆವರೂ ಸುರಿಸದ ಮೂರನೇ ಸಾಲು ದಣಿದವರ ಜಾಗಕ್ಕೆ ಬಂತು. ಪಾಂಪೆಯ ಪಡೆ ಬೆನ್ನು ತಿರುಗಿಸಿ ಓಡಿತು. ಮುಂದಿನ ಸಲ ಆಟಕ್ಕೆ ಕುಳಿತಾಗ ಹಿಂದೆ ಎರಡು ತುಕಡಿಗಳನ್ನು ಮುಟ್ಟದೆ ಬಿಟ್ಟು, ಎದುರಾಳಿಯ ಸಾಲೆಲ್ಲ ಸುಸ್ತಾದ ಮೇಲೆ ಅವನ್ನು ಬಿಟ್ಟು ನೋಡಿ!